ದಿನಕ್ಕೊಂದು ಗಿಡ: ಶಿವಮೊಗ್ಗದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್



ಕುಪ್ಪಗಡ್ಡೆಯಿಂದ ಸೊರಬಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಹೊರಗೆ ಕಾಣುವ ಗಿಡಮರಗಳಲ್ಲಿ ಎಷ್ಟರ ಹೆಸರು ನಿಮಗೆ ಗೊತ್ತು? ಹತ್ತು? ಇಪ್ಪತ್ತು? ನಮ್ಮ ಅಜ್ಜ ಅಜ್ಜಿಯರನ್ನು ಕೇಳಿದರೆ ಅವರು ನಿಲ್ಲಿಸದೆ ಐವತ್ತು ಹೆಸರು ಹೇಳಿಯಾರು. ಹೂವಿನ ಭಾಗಗಳ ಚಿತ್ರ ಬಿಡಿಸಿ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆಯುವ ನಾವು, ಶಾಲೆಯ ಕಾಂಪೌಂಡಿನ ಪಕ್ಕದಲ್ಲೇ ಅರಳಿದ ತುಂಬೆ ಹೂವನ್ನು ಬಗ್ಗಿ ನೋಡುವುದಿಲ್ಲ. ವಿಜ್ಞಾನ ಎಂದರೆ ದೂರದ ಊರಿನಲ್ಲಿ, ದೊಡ್ಡ ಪ್ರಯೋಗಾಲಯದಲ್ಲಿ ನಡೆಯುವ ಕೆಲಸ ಎಂಬ ಭಾವನೆ ನಮ್ಮಲ್ಲಿದೆ.

ಈ ಭಾವನೆ ತಪ್ಪು ಎಂದು ತೋರಿಸುವ ಒಂದು ಜೀವನಕಥೆ ನಮ್ಮ ಜಿಲ್ಲೆಯಲ್ಲೇ ಇದೆ. ಸುಮಾರು 180 ವರ್ಷಗಳ ಹಿಂದೆ ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯರಾಗಿದ್ದ ಒಬ್ಬ ಯುವಕ ದಿನಕ್ಕೊಂದು ಗಿಡವನ್ನು ಗಮನವಿಟ್ಟು ನೋಡುವ ಅಭ್ಯಾಸ ಇಟ್ಟುಕೊಂಡ. ಆ ಅಭ್ಯಾಸ ಅವನನ್ನು ಗಿಡದಿಂದ ಕಾಡಿಗೆ, ಕಾಡಿನಿಂದ ಮಣ್ಣು ಮತ್ತು ನೀರಿನ ಪ್ರಶ್ನೆಗೆ ಕರೆದೊಯ್ದಿತು. ಮುಂದೆ ಭಾರತದ ಅರಣ್ಯ ಇಲಾಖೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರೆಂದು ಹೆಸರಾದ ಡಾ. ಹ್ಯೂ ಕ್ಲೆಗ್‌ಹಾರ್ನ್ ಅವರೇ ಆ ಯುವಕ. ಅವರ ಸಾಧನೆಯನ್ನೂ, ಅವರು ಎಡವಿದ ಜಾಗವನ್ನೂ ತಿಳಿದರೆ ನಮಗೆ ಎರಡು ಪಾಠಗಳು ಸಿಗುತ್ತವೆ.

ಮದ್ರಾಸಿನಲ್ಲಿ ಹುಟ್ಟು, ಸ್ಕಾಟ್ಲೆಂಡಿನಲ್ಲಿ ಬಾಲ್ಯ

ಕ್ಲೆಗ್‌ಹಾರ್ನ್ ಹುಟ್ಟಿದ್ದು 1820ರ ಆಗಸ್ಟ್ 9ರಂದು, ಮದ್ರಾಸಿನಲ್ಲಿ. ತಂದೆ ಅಲ್ಲಿನ ನ್ಯಾಯಾಲಯದ ಅಧಿಕಾರಿ. ಆ ಕಾಲದ ಆಂಗ್ಲ ಕುಟುಂಬಗಳು ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಸ್ವದೇಶಕ್ಕೆ ಕಳುಹಿಸುತ್ತಿದ್ದವು. ಅದರಂತೆ ನಾಲ್ಕು ವರ್ಷದ ಹುಡುಗ 1824ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ, ಸ್ಟ್ರಾವಿತಿ ಎಂಬ ಊರಿನಲ್ಲಿದ್ದ ಅಜ್ಜನ ಮನೆ ಸೇರಿದ. ಅಜ್ಜನ ಹೆಸರೂ ಹ್ಯೂ ಕ್ಲೆಗ್‌ಹಾರ್ನ್. ಅವರು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು, ಸ್ವಲ್ಪ ಕಾಲ ಸಿಲೋನಿನಲ್ಲಿ ಸರ್ಕಾರದ ಕಾರ್ಯದರ್ಶಿಯೂ ಆಗಿದ್ದವರು. ಮುಪ್ಪಿನಲ್ಲಿ ಅವರಿಗೆ ಬೇಸಾಯದಲ್ಲಿ, ಮರ ಬೆಳೆಸುವುದರಲ್ಲಿ ಬಹಳ ಆಸಕ್ತಿ. ತಂದೆ ತಾಯಿ ದೂರವಿದ್ದ ಹುಡುಗನಿಗೆ ಅಜ್ಜನ ಜಮೀನೇ ಮೊದಲ ಪಾಠಶಾಲೆ.

ನಂತರ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1841ರಲ್ಲಿ ಪದವಿ ಪಡೆದರು. ಅಲ್ಲಿ ಅವರು ಸಸ್ಯಶಾಸ್ತ್ರವನ್ನೂ ಕಲಿತರು. ವೈದ್ಯನಿಗೆ ಸಸ್ಯಶಾಸ್ತ್ರ ಯಾಕೆ ಎಂದು ನೀವು ಕೇಳಬಹುದು. ಅಂದಿನ ಔಷಧಿಗಳಲ್ಲಿ ಬಹುಪಾಲು ಬೇರು, ತೊಗಟೆ, ಎಲೆ, ಬೀಜಗಳಿಂದಲೇ ತಯಾರಾಗುತ್ತಿದ್ದವು. ಗಿಡ ಗುರುತಿಸಲು ಬಾರದ ವೈದ್ಯ ಔಷಧಿಯ ಬದಲು ವಿಷ ಕೊಟ್ಟುಬಿಡುವ ಅಪಾಯವಿತ್ತು. ಈ ಸಂಬಂಧ ಹೊಸದೂ ಅಲ್ಲ. 13ನೇ ಶತಮಾನದ ಇಬ್ನ್ ಅಲ್-ಬೈತಾರ್ ಎಂಬ ಮಹಾನ್ ವಿದ್ವಾಂಸರು ಸ್ಪೇನಿನಿಂದ ಹೊರಟು ಉತ್ತರ ಆಫ್ರಿಕಾ, ಈಜಿಪ್ಟ್, ಸಿರಿಯಾಗಳಲ್ಲಿ ಅಲೆದು, ಗಿಡಗಳನ್ನು ತಾವೇ ಕಣ್ಣಾರೆ ನೋಡಿ ಔಷಧ ದ್ರವ್ಯಗಳ ದೊಡ್ಡ ಗ್ರಂಥ ಬರೆದರು. ಅವರು 1248ರಲ್ಲಿ ಡಮಾಸ್ಕಸ್‌ನಲ್ಲಿ ನಿಧನರಾದರು. ಕೇಳಿದ್ದನ್ನು ನಂಬದೆ ನೋಡಿ ಪರೀಕ್ಷಿಸುವ ಆ ದಾರಿಯಲ್ಲೇ ಆರು ನೂರು ವರ್ಷಗಳ ನಂತರ ಈ ಸ್ಕಾಟಿಷ್ ವೈದ್ಯರೂ ನಡೆದರು.

ಶಿವಮೊಗ್ಗದ ದಿನಗಳು

1842ರಲ್ಲಿ, 22ನೆಯ ವಯಸ್ಸಿಗೆ, ಕ್ಲೆಗ್‌ಹಾರ್ನ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯಕೀಯ ಸೇವೆಗೆ ಸೇರಿ ಮದ್ರಾಸಿಗೆ ಬಂದರು. ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಮೇಲೆ ಅವರನ್ನು ಮೈಸೂರು ಸೀಮೆಗೆ ಕಳುಹಿಸಲಾಯಿತು. 1831ರಿಂದ 1881ರವರೆಗೆ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು ಎಂಬುದನ್ನು ನೀವು ಇತಿಹಾಸದಲ್ಲಿ ಓದಿರುತ್ತೀರಿ. ಆಗ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಕ್ಲೆಗ್‌ಹಾರ್ನ್ ಅವರಿಗೆ ಸಿಕ್ಕಿದ್ದು ನಗರ ವಿಭಾಗ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದು ಹೈದರ್ ನಗರ ಎಂದು ಹೆಸರಿಟ್ಟರಲ್ಲ, ಅದೇ ನಗರದ ಹೆಸರನ್ನು ಈ ವಿಭಾಗ ಹೊತ್ತಿತ್ತು. ನಮ್ಮ ಸೊರಬ, ಶಿಕಾರಿಪುರಗಳೂ ಅದಕ್ಕೇ ಸೇರಿದ್ದವು. ವೈದ್ಯರ ವಾಸ ಶಿವಮೊಗ್ಗದಲ್ಲಿ.

ಒಬ್ಬ ಹಿರಿಯ ಸಸ್ಯವಿಜ್ಞಾನಿಯ ಸಲಹೆಯಂತೆ ಅವರು ಇಲ್ಲಿ ಒಂದು ನಿಯಮ ಹಾಕಿಕೊಂಡರು. ದಿನಕ್ಕೆ ಒಂದೇ ಗಿಡ, ಅದಕ್ಕೆ ಕಾಲು ಗಂಟೆ. ರೋಗಿಗಳು, ಪ್ರವಾಸ, ಕಾಗದಪತ್ರ ಎಲ್ಲದರ ನಡುವೆ ಕಾಲು ಗಂಟೆ ಬಿಡುವು ಯಾರಿಗಾದರೂ ಸಿಗುತ್ತದೆ. ಆದರೆ ಅದನ್ನು ತಪ್ಪದೆ ನಡೆಸುವವರು ಕಡಿಮೆ.

ಕಾಲು ಗಂಟೆಯಲ್ಲಿ ಒಂದು ಗಿಡದಲ್ಲಿ ಏನು ನೋಡಬಹುದು? ನಮ್ಮ ಗದ್ದೆಯ ಬದುವಿನ ತುಂಬೆಯನ್ನೇ ತೆಗೆದುಕೊಳ್ಳಿ. ಕಾಂಡವನ್ನು ಬೆರಳಲ್ಲಿ ಉರುಟಿಸಿ, ಅದು ದುಂಡಗಿಲ್ಲ, ನಾಲ್ಕು ಮೂಲೆ ಇದೆ. ಎಲೆಗಳು ಪ್ರತಿ ಗೆಣ್ಣಿನಲ್ಲೂ ಎದುರು ಬದುರಾಗಿ ಎರಡೆರಡು. ಬಿಳಿ ಹೂವು ಬಾಯಿ ತೆರೆದಂತೆ ಎರಡು ತುಟಿಯದು. ಈಗ ಮನೆಯಂಗಳದ ತುಳಸಿ ಅಥವಾ ಪುದೀನವನ್ನು ನೋಡಿ. ಅದೇ ನಾಲ್ಕು ಮೂಲೆಯ ಕಾಂಡ, ಅದೇ ಎದುರು ಬದುರು ಎಲೆ. ಮೂರೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಸಸ್ಯಗಳ ವರ್ಗೀಕರಣ ಎಂದರೆ ಇಷ್ಟೇ, ಹೋಲಿಕೆಗಳನ್ನು ಹಿಡಿದು ನೆಂಟಸ್ತನ ಗುರುತಿಸುವುದು.

ಇನ್ನು ಊಟದೆಲೆಗೆ ಬಳಸುವ ಮುತ್ತುಗ. ಒಂದು ತೊಟ್ಟಿನಲ್ಲಿ ಮೂರು ಎಲೆ ಕಾಣುತ್ತದೆ. ಅದು ಮೂರು ಎಲೆಯೋ, ಮೂರು ಭಾಗವಾದ ಒಂದೇ ಎಲೆಯೋ? ಇದನ್ನು ತೀರ್ಮಾನಿಸಲು ಒಂದು ಸುಲಭ ದಾರಿಯಿದೆ. ಎಲೆ ಕೊಂಬೆಗೆ ಸೇರುವ ಸಂದಿಯಲ್ಲಿ ಮೊಗ್ಗು ಇರುತ್ತದೆ. ಮುತ್ತುಗದಲ್ಲಿ ಆ ಮೊಗ್ಗು ಇರುವುದು ದೊಡ್ಡ ತೊಟ್ಟಿನ ಬುಡದಲ್ಲಿ ಮಾತ್ರ. ಹಾಗಾಗಿ ಮೂರೂ ಸೇರಿ ಒಂದು ಎಲೆ. ಇದಕ್ಕೆ ಸಂಯುಕ್ತ ಎಲೆ ಎಂದು ಹೆಸರು. ಎಕ್ಕದ ಕಾಯಿ ಒಡೆದಾಗ ರೇಷ್ಮೆ ಎಳೆಯಂಥ ಕೂದಲು ಹೊತ್ತ ಬೀಜಗಳು ಗಾಳಿಯಲ್ಲಿ ತೇಲುವುದನ್ನು ನೀವೆಲ್ಲ ನೋಡಿದ್ದೀರಿ. ನಿಂತಲ್ಲೇ ನಿಲ್ಲುವ ಗಿಡ ತನ್ನ ಸಂತಾನವನ್ನು ದೂರ ಕಳುಹಿಸುವ ಉಪಾಯ ಅದು. ಇಂಥ ಪಾಠಗಳಿಗೆ ಯಾವ ಉಪಕರಣವೂ ಬೇಡ, ಕಣ್ಣು ಮತ್ತು ತಾಳ್ಮೆ ಸಾಕು.

ಹೆಸರು ಉಳಿಯದ ಕಲಾವಿದ

ಕಿತ್ತ ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿದರೆ ಆಕಾರ ಉಳಿಯುತ್ತದೆ, ಆದರೆ ಹೂವಿನ ಬಣ್ಣ ಹೋಗುತ್ತದೆ. ಅಂದು ಇಲ್ಲಿ ಫೋಟೋ ತೆಗೆಯುವ ಅನುಕೂಲವಿರಲಿಲ್ಲ. ಆದ್ದರಿಂದ ಕ್ಲೆಗ್‌ಹಾರ್ನ್ 1845ರಿಂದ ಶಿವಮೊಗ್ಗದಲ್ಲಿ ಒಬ್ಬ ಮರಾಠಿ ಚಿತ್ರಕಾರರನ್ನು ನೇಮಿಸಿಕೊಂಡು ಗಿಡಗಳ ಬಣ್ಣದ ಚಿತ್ರ ಬರೆಸಿದರು. ಬೇರು, ಕಾಂಡ, ಎಲೆ, ಹೂವು, ಕಾಯಿ ಹೀಗೆ ಗಿಡವನ್ನು ಗುರುತಿಸಲು ಬೇಕಾದ್ದೆಲ್ಲವೂ ಅಂಥ ಚಿತ್ರದಲ್ಲಿ ಇರಬೇಕು. ನಂತರ ಮದ್ರಾಸಿನಲ್ಲಿ ಗೋವಿಂದು ಎಂಬ ಪ್ರತಿಭಾವಂತ ಕಲಾವಿದರೂ, ಅಲ್ಲಿನ ಚಿತ್ರಕಲಾ ಶಾಲೆಯವರೂ ಅವರಿಗಾಗಿ ಕೆಲಸ ಮಾಡಿದರು. ಹೀಗೆ ಕೂಡಿದ ಚಿತ್ರಗಳು ಸುಮಾರು 3000. ಇಂದು ಅವು ಎಡಿನ್‌ಬರೋದ ರಾಜ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ. 2016ರಲ್ಲಿ ಅವುಗಳ ಬಗ್ಗೆ ಪುಸ್ತಕವೂ ಪ್ರಕಟವಾಗಿದೆ.

ಇಲ್ಲಿ ಒಂದು ಮಾತು ಗಮನಿಸಿ. ಶಿವಮೊಗ್ಗದ ಆ ಚಿತ್ರಕಾರರ ಹೆಸರು ಉಳಿದಿಲ್ಲ. ಗಿಡ ತಂದುಕೊಟ್ಟವರು, ಅದರ ಕನ್ನಡ ಹೆಸರು ಹೇಳಿದವರು, ಯಾವ ಸೊಪ್ಪು ಯಾವ ಕಾಯಿಲೆಗೆ ಎಂದು ತಿಳಿಸಿದ ನಾಟಿ ವೈದ್ಯರು, ಇವರ ಹೆಸರೂ ನಮಗೆ ಸಿಗುವುದಿಲ್ಲ. ಆದರೆ ಕ್ಲೆಗ್‌ಹಾರ್ನ್ ಅವರ ಹೆಸರಿನಲ್ಲಿ ಕ್ಲೆಗ್‌ಹಾರ್ನಿಯಾ ಎಂಬ ಸಸ್ಯಕುಲವೇ ಇದೆ. ಆ ಹೆಸರಿಟ್ಟವರು ಅವರ ಸ್ನೇಹಿತ, ಸಸ್ಯವಿಜ್ಞಾನಿ ರಾಬರ್ಟ್ ವೈಟ್. ಜ್ಞಾನವು ಹಲವರ ದುಡಿಮೆಯಿಂದ ಬೆಳೆಯುತ್ತದೆ, ದಾಖಲೆ ಬರೆದಿಟ್ಟವರ ಹೆಸರು ಮಾತ್ರ ಉಳಿಯುತ್ತದೆ. ಅದಕ್ಕಾಗಿಯೇ ನಮ್ಮ ಮಕ್ಕಳು ಓದಬೇಕು, ಬರೆಯಬೇಕು ಎಂದು ಹಿರಿಯರು ಮತ್ತೆ ಮತ್ತೆ ಹೇಳುವುದು.

ಗಿಡದಿಂದ ಮಣ್ಣಿಗೆ, ಮಣ್ಣಿನಿಂದ ನೀರಿಗೆ

ಮಲೆನಾಡಿನಲ್ಲಿ ಓಡಾಡುತ್ತಾ ಗಿಡ ನೋಡುತ್ತಿದ್ದ ವೈದ್ಯರ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಕಾಡು ವೇಗವಾಗಿ ಕರಗುತ್ತಿತ್ತು. ಹಡಗು ಕಟ್ಟಲು, ಕಟ್ಟಡಕ್ಕೆ ಬೇಕಾದ ಸಾಗುವಾನಿ ಮರಗಳು ಉರುಳುತ್ತಿದ್ದವು. ಮರುನೆಡುವಿಕೆ ಇಲ್ಲವೆನ್ನುವಷ್ಟು ಕಡಿಮೆ.

ಜ್ವರದಿಂದ ಆರೋಗ್ಯ ಕೆಟ್ಟು 1848ರಲ್ಲಿ ಅವರು ಬ್ರಿಟನ್ನಿಗೆ ಮರಳಿದರು. ಆದರೂ ಈ ಪ್ರಶ್ನೆ ಅವರನ್ನು ಬಿಡಲಿಲ್ಲ. 1850ರಲ್ಲಿ ಎಡಿನ್‌ಬರೋದಲ್ಲಿ ನಡೆದ ಬ್ರಿಟಿಷ್ ವಿಜ್ಞಾನ ಸಂಘದ ಸಭೆಯಲ್ಲಿ ಉಷ್ಣವಲಯದ ಕಾಡುಗಳ ನಾಶದ ವಿಷಯ ಎತ್ತಿದರು. ಸಂಘವು ಒಂದು ಸಮಿತಿ ಮಾಡಿತು. ಭಾರತದಲ್ಲಿ ಕೆಲಸ ಮಾಡಿದ್ದ ಇತರ ಮೂವರ ಜೊತೆ ಕ್ಲೆಗ್‌ಹಾರ್ನ್ ಸಿದ್ಧಪಡಿಸಿದ ವರದಿ 1851ರಲ್ಲಿ ಇಪ್ಸ್‌ವಿಚ್ ಸಭೆಯ ಮುಂದೆ ಬಂತು. ಕಾಡು ಹೋದರೆ ನೀರು, ಮಣ್ಣು, ಹವಾಮಾನಗಳಿಗೆ ಏನಾಗುತ್ತದೆ ಎಂಬುದನ್ನು ಭಾರತದ ನಾನಾ ಕಡೆಯ ಅನುಭವಗಳಿಂದ ಪರಿಶೀಲಿಸಿದ ಮೊದಲ ವರದಿಗಳಲ್ಲಿ ಅದೂ ಒಂದು.

ಈ ಪ್ರಶ್ನೆಯನ್ನು ನಮ್ಮ ನೆಲದ ಮೇಲೆಯೇ ಬಿಡಿಸಿ ನೋಡೋಣ. ನಮ್ಮ ಕಡೆಯ ಅನೇಕ ಮನೆಗಳ ಗೋಡೆ, ಬಾವಿಯ ಕಟ್ಟೆ ಜಂಬಿಟ್ಟಿಗೆ ಕಲ್ಲಿನದು. ಇದೊಂದು ವಿಶೇಷ ಕಲ್ಲು. ಬಿಸಿಲು ಮತ್ತು ವಿಪರೀತ ಮಳೆ ಎರಡೂ ಇರುವ ಸೀಮೆಯಲ್ಲಿ ಹಳೆಯ ಬಂಡೆ ನಿಧಾನವಾಗಿ ಶಿಥಿಲವಾಗುತ್ತದೆ. ಅದರಲ್ಲಿರುವ ಸಿಲಿಕಾ, ಸುಣ್ಣದ ಅಂಶ ಮುಂತಾದವು ಮಳೆನೀರಿನಲ್ಲಿ ಕರಗಿ ಹೋಗುತ್ತವೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದುಕೊಳ್ಳುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದ ಬಣ್ಣವೇ ಆ ಕೆಂಪು. ನೆಲದೊಳಗಿದ್ದಾಗ ಕತ್ತರಿಸಲು ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. 1801ರಲ್ಲಿ ಮಲೆನಾಡಿನ ಮೂಲಕ ಪ್ರಯಾಣ ಮಾಡಿದ್ದ ಫ್ರಾನ್ಸಿಸ್ ಬುಕಾನನ್ ಎಂಬ ಇನ್ನೊಬ್ಬ ವೈದ್ಯರು ಮಲಬಾರಿನಲ್ಲಿ ಕಂಡ ಇದೇ ಬಗೆಯ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ ಬಂದ ಹೆಸರು ಅದು. ನಮ್ಮವರು ಜಂಬಿಟ್ಟಿಗೆ ಎಂದಿದ್ದರಲ್ಲೂ ಇಟ್ಟಿಗೆಯೇ ಇದೆ ನೋಡಿ!

ಇಂಥ ನೆಲದ ಮೇಲೆ ಮಣ್ಣಿನ ಫಲವತ್ತಾದ ಪದರ ತೆಳ್ಳಗಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಕಾಡು. ಜೂನ್ ತಿಂಗಳ ಜಡಿಮಳೆ ಮೊದಲು ಮರದ ಎಲೆಗಳ ಮೇಲೆ ಬಿದ್ದು ರಭಸ ಕಳೆದುಕೊಳ್ಳುತ್ತದೆ. ಆಮೇಲೆ ನೆಲದ ದರಗಿನ ಮೇಲೆ ಹನಿಯುತ್ತದೆ. ದರಗು ಸ್ಪಂಜಿನಂತೆ ನೀರು ಹೀರುತ್ತದೆ. ಬೇರುಗಳು, ಎರೆಹುಳುಗಳು ಮಾಡಿದ ಸಂದುಗಳ ಮೂಲಕ ನೀರು ಒಳಗಿಳಿದು ಅಂತರ್ಜಲ ಸೇರುತ್ತದೆ. ಬೇಸಿಗೆಯಲ್ಲಿ ಅದೇ ನೀರು ಒರತೆಯಾಗಿ, ಹಳ್ಳವಾಗಿ ಹೊರಬರುತ್ತದೆ. ಕಾಡು ಬೋಳಾದರೆ ಮಳೆಹನಿ ನೇರ ಮಣ್ಣಿಗೆ ಬಡಿಯುತ್ತದೆ. ಮಣ್ಣಿನ ಬಾಯಿ ಮುಚ್ಚಿಹೋಗುತ್ತದೆ. ನೀರು ಇಂಗದೆ, ಮೇಲ್ಮಣ್ಣನ್ನು ಕೊಚ್ಚಿಕೊಂಡು ಕೆರೆಗೆ ಓಡುತ್ತದೆ. ಕೆರೆ ಹೂಳು ತುಂಬುತ್ತದೆ, ಏಪ್ರಿಲ್‌ಗೆ ಬಾವಿ ತಳ ಕಾಣುತ್ತದೆ. ಮಳೆ ಅಷ್ಟೇ ಬಿದ್ದರೂ ನೀರಿಗೆ ಬರ ಬರುವುದು ಹೀಗೆ.

ಹಾಗಾದರೆ ಕಾಡು ಮಳೆಯನ್ನೂ ತರುತ್ತದೆಯೇ? 1851ರ ವರದಿ ಈ ವಿಷಯದಲ್ಲಿ ಎಚ್ಚರಿಕೆಯಿಂದ ಮಾತಾಡಿತು. ನೀರನ್ನು ಹಿಡಿದಿಡುವ ವಿಷಯದಲ್ಲಿದ್ದ ಖಚಿತತೆ ಮಳೆಯ ವಿಷಯದಲ್ಲಿ ಅದಕ್ಕಿರಲಿಲ್ಲ. ಇಂದು ನಮಗೆ ಹೆಚ್ಚು ತಿಳಿದಿದೆ. ಎಲೆಗಳ ಅಡಿಯಲ್ಲಿರುವ ಪತ್ರರಂಧ್ರಗಳೆಂಬ ಸಣ್ಣ ಬಾಯಿಗಳ ಮೂಲಕ ಗಿಡಗಳು ನೀರನ್ನು ಆವಿಯಾಗಿ ಬಿಡುತ್ತವೆ. ಇದೇ ಬಾಷ್ಪವಿಸರ್ಜನೆ. ಒಂದು ಕೊಂಬೆಯ ಎಲೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಬಿಸಿಲಲ್ಲಿ ಎರಡು ಗಂಟೆ ಬಿಡಿ, ಒಳಗೆ ನೀರಹನಿ ಕಾಣುತ್ತೀರಿ. ಅಮೆಜಾನ್‌ನಂಥ ಬೃಹತ್ ಕಾಡುಗಳಲ್ಲಿ ಈ ಆವಿ ಮತ್ತೆ ಮಳೆಯಾಗುವುದು ಸಿದ್ಧವಾಗಿದೆ. ನಮ್ಮ ಮುಂಗಾರು ಮಾತ್ರ ಮುಖ್ಯವಾಗಿ ಸಮುದ್ರದಿಂದ ಬರುವಂಥದ್ದು. ಊರ ಪಕ್ಕದ ಸಣ್ಣ ಕಾಡು ಮೋಡವನ್ನು ಕರೆಯಲಾರದು, ಆದರೆ ಬಿದ್ದ ಮಳೆಯನ್ನು ಖಂಡಿತ ಉಳಿಸುತ್ತದೆ. ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಬೇರೆ ಬೇರೆ ಇಟ್ಟ ಆ ವರದಿಯ ಪ್ರಾಮಾಣಿಕತೆಯನ್ನು ವಿದ್ಯಾರ್ಥಿಗಳು ಕಲಿಯಬೇಕು.

ಮೇಷ್ಟ್ರು, ನಂತರ ಅರಣ್ಯಾಧಿಕಾರಿ

ಮದ್ರಾಸಿಗೆ ಮರಳಿದ ಕ್ಲೆಗ್‌ಹಾರ್ನ್ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಕೃಷಿ ಮತ್ತು ತೋಟಗಾರಿಕೆ ಸಂಘದ ಕೆಲಸವನ್ನೂ ನೋಡಿಕೊಂಡರು. 1856ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. 1858ರಲ್ಲಿ ಆನೆಮಲೆಯ ಎತ್ತರದ ಕಾಡುಗಳನ್ನು ಹತ್ತಿ ನೋಡಿದರು. ದಕ್ಷಿಣ ಭಾರತದ ಕಾಡು ಮತ್ತು ತೋಟಗಳ ಬಗ್ಗೆ ಅವರ ಪುಸ್ತಕ 1861ರಲ್ಲಿ ಹೊರಬಂತು.

ಬೆಂಗಳೂರಿನ ಲಾಲ್‌ಬಾಗ್ ವಿಷಯದಲ್ಲೂ ಅವರ ಪಾತ್ರವಿದೆ. 1760ರಲ್ಲಿ ಹೈದರ್ ಅಲಿ ಆರಂಭಿಸಿ, ಟಿಪ್ಪು ಸುಲ್ತಾನ್ ದೇಶ ವಿದೇಶಗಳ ಗಿಡ ತರಿಸಿ ಬೆಳೆಸಿದ ಆ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅದು ಕೇವಲ ಲಾಭ ತರುವ ತೋಟವಾಗದೆ, ಈ ನಾಡಿನ ಉಪಯುಕ್ತ ಸಸ್ಯಗಳ ಅಭಿವೃದ್ಧಿಗೆ ನೆರವಾಗಬೇಕೆಂಬುದು ಕ್ಲೆಗ್‌ಹಾರ್ನ್ ಅವರ ಸಲಹೆಯಾಗಿತ್ತು. ಮುಂದಿನ ಸಲ ಲಾಲ್‌ಬಾಗ್‌ಗೆ ಹೋದರೆ ಹೂವಿನ ಜೊತೆ ಅಲ್ಲಿನ ದೊಡ್ಡ ಬಂಡೆಯನ್ನೂ ಮುಟ್ಟಿ ನೋಡಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಮೇಲೆ ಮರಗಳು ಹುಟ್ಟುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲೇ ಆ ಬಂಡೆ ಇತ್ತು.

1861ರ ನಂತರ ಅವರು ಪಂಜಾಬ್ ಮತ್ತು ಪಶ್ಚಿಮ ಹಿಮಾಲಯದ ದೇವದಾರು ಕಾಡುಗಳನ್ನು ಅಳೆದು ವರದಿ ಬರೆದರು. 1864ರಲ್ಲಿ ಡೀಟ್ರಿಕ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಬ್ರಾಂಡಿಸ್ ರಜೆಯಲ್ಲಿದ್ದಾಗ ಆ ಹೊಣೆಯನ್ನು ಕ್ಲೆಗ್‌ಹಾರ್ನ್ ನಿರ್ವಹಿಸಿದರು.

ಒಂದು ಕಣ್ಣಿನ ನೋಟ

ದೊಡ್ಡವರ ಜೀವನಚರಿತ್ರೆ ಬರೆಯುವಾಗ ಹೊಗಳಿಕೆಯಷ್ಟನ್ನೇ ಹೇಳುವುದು ನ್ಯಾಯವಲ್ಲ. ಕ್ಲೆಗ್‌ಹಾರ್ನ್ ಕಾಡಿನ ನಾಶಕ್ಕೆ ಬಹಳ ಮಟ್ಟಿಗೆ ದೂರಿದ್ದು ಕುಮ್ರಿ ಬೇಸಾಯವನ್ನು. ಕುಮ್ರಿ ಎಂದರೆ ಕಾಡಿನ ಒಂದು ತುಂಡನ್ನು ಕಡಿದು, ಬೇಸಿಗೆಯಲ್ಲಿ ಸುಟ್ಟು, ಮೊದಲ ಮಳೆಗೆ ಬೂದಿಯ ಮೇಲೆ ರಾಗಿ ಮುಂತಾದ ಧಾನ್ಯ ಬಿತ್ತುವುದು. ಒಂದೆರಡು ಬೆಳೆ ತೆಗೆದು ಬೇರೆ ಜಾಗಕ್ಕೆ ಹೋಗುವುದು. ಜಮೀನಿಲ್ಲದ ಬಡವರ ಬೇಸಾಯ ಅದು. ಶಿವಮೊಗ್ಗದಲ್ಲಿದ್ದಾಗಲೇ ಅವರು ಇದರ ವಿರುದ್ಧ ಕಮಿಷನರಿಗೆ ಬರೆದರು. ಮೈಸೂರು ಸೀಮೆಯಲ್ಲಿ ಕುಮ್ರಿಗೆ ನಿರ್ಬಂಧ ಬಂತು. ಮುಂದೆ ಮದ್ರಾಸ್ ಪ್ರಾಂತ್ಯದಲ್ಲೂ ಅದನ್ನು ತಡೆಯಲು ಶ್ರಮಿಸಿದರು.

ಸುಟ್ಟ ಬೂದಿ ಮಣ್ಣಿಗೆ ಪೊಟ್ಯಾಶ್ ಮತ್ತು ಸುಣ್ಣದ ಅಂಶ ಕೊಡುತ್ತದೆ, ಆದರೆ ಒಂದೆರಡು ಮಳೆಗಾಲದಲ್ಲಿ ಅದು ತೊಳೆದು ಹೋಗುತ್ತದೆ. ಆ ಜಾಗವನ್ನು ಹಲವಾರು ವರ್ಷ ಬೀಳು ಬಿಟ್ಟರೆ ಕಾಡು ಮತ್ತೆ ಏಳುತ್ತದೆ. ಎರಡು ಮೂರು ವರ್ಷಕ್ಕೇ ಮತ್ತೆ ಸುಟ್ಟರೆ ಮಣ್ಣು ಸಾಯುತ್ತದೆ. ಅಂದರೆ ಕುಮ್ರಿಯ ಒಳಿತು ಕೆಡುಕು ಬೀಳು ಬಿಡುವ ಅವಧಿಯ ಮೇಲೆ ನಿಂತಿತ್ತು. ಇತ್ತ 1856ರಲ್ಲೇ ಮದ್ರಾಸಿನಿಂದ ಮೊದಲ ರೈಲು ಹೊರಟಿತು. ಹಳಿಯ ಅಡಿಗೆ ಹಾಸುವ ಮರದ ದಿಮ್ಮಿಗಳು ಮೈಲಿ ಮೈಲಿಗೂ ಸಾವಿರಗಟ್ಟಲೆ ಬೇಕು. ಗೆದ್ದಲು ಹಿಡಿದು, ಕೊಳೆತು ಕೆಲವೇ ವರ್ಷಗಳಲ್ಲಿ ಅವನ್ನು ಬದಲಿಸಬೇಕು. ಎಂಜಿನ್ನಿಗೂ ಸೌದೆಯೇ ಆಹಾರ. ರೈಲ್ವೆಯ ಈ ಹಸಿವು ಕ್ಲೆಗ್‌ಹಾರ್ನ್ ಅವರಿಗೂ ತಿಳಿದಿತ್ತು. ಆದರೆ ಸರ್ಕಾರದ ಅಧಿಕಾರಿಯಾಗಿ ಅವರ ಕೆಲಸವೇ ಆ ಮರವನ್ನು ಒದಗಿಸುವುದಾಗಿತ್ತು. ನಿಷೇಧ ಬಿದ್ದದ್ದು ಮಾತ್ರ ಬಡವನ ಕತ್ತಿಯ ಮೇಲೆ. 1865 ಮತ್ತು 1878ರ ಅರಣ್ಯ ಕಾಯಿದೆಗಳು ಬಂದ ಮೇಲೆ ಕಾಡಿನ ಮೇಲೆ ಊರಿನವರಿಗಿದ್ದ ಹಳೆಯ ಹಕ್ಕುಗಳು ಇನ್ನೂ ಕಿರಿದಾದವು.

ಒಂದೊಂದು ಗಿಡವನ್ನೂ ಅಷ್ಟು ಸೂಕ್ಷ್ಮವಾಗಿ ನೋಡಿದ ಮನುಷ್ಯ, ಆ ಗಿಡಗಳ ನಡುವೆ ಬದುಕುವ ಜನರನ್ನು ಅಷ್ಟೇ ಸೂಕ್ಷ್ಮವಾಗಿ ನೋಡಲಿಲ್ಲ. ಅವರ ಜೀವನದ ಎರಡನೆಯ ಪಾಠ ಇದು.

ಕೊನೆಯ ವರ್ಷಗಳು

1860ರ ದಶಕದ ಕೊನೆಗೆ ಅವರು ಭಾರತ ಬಿಟ್ಟು ಸ್ಟ್ರಾವಿತಿಗೆ ಮರಳಿದರು. ಎಡಿನ್‌ಬರೋದ ಸಸ್ಯಶಾಸ್ತ್ರ ಸಂಘ, ಸ್ಕಾಟ್ಲೆಂಡಿನ ವೃಕ್ಷಕೃಷಿ ಸಂಘಗಳ ಅಧ್ಯಕ್ಷರಾಗಿ ಅರಣ್ಯ ಶಿಕ್ಷಣಕ್ಕೆ ದುಡಿದರು. 1884ರಲ್ಲಿ ಎಡಿನ್‌ಬರೋದಲ್ಲಿ ಅಂತರರಾಷ್ಟ್ರೀಯ ಅರಣ್ಯ ಪ್ರದರ್ಶನ ನಡೆಯಿತು. ಅಜ್ಜನಿಂದ ಮೊದಲ ಪಾಠ ಕಲಿತ ಅದೇ ಜಮೀನಿನಲ್ಲಿ 1895ರ ಮೇ 16ರಂದು ಕ್ಲೆಗ್‌ಹಾರ್ನ್ ತೀರಿಕೊಂಡರು.

ನಮ್ಮ ಸೊರಬದ ಕಾನುಗಳು

ಅವರ ಸಹೋದ್ಯೋಗಿ ಬ್ರಾಂಡಿಸ್ 1868ರಲ್ಲಿ ಗ್ರಾಂಟ್ ಎಂಬ ಅಧಿಕಾರಿಯ ಜೊತೆ ಒಂದು ವರದಿ ಬರೆದರು. ಅದರ ವಿಷಯ ನಮ್ಮ ಸೊರಬ ತಾಲ್ಲೂಕಿನ ಕಾನುಗಳು! ಸುತ್ತಲಿನ ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸಿದರೂ ಕಾನು ಹಸಿರಾಗಿಯೇ ಇರುತ್ತದೆ. ಒಳಗೆ ಕಾಲಿಟ್ಟರೆ ತಂಪು. ಮೆಣಸಿನ ಬಳ್ಳಿ, ಬೈನೆ, ಹಲಸು, ಉಪ್ಪಾಗೆಗಳ ನಡುವೆ ಒರತೆಯ ನೀರು. ಕಾನನ್ನು ಶತಮಾನಗಳ ಕಾಲ ಕಾಪಾಡಿದ್ದು ಯಾವ ಇಲಾಖೆಯೂ ಅಲ್ಲ, ಊರಿನ ಜನ. ಮೆಣಸು, ಹಣ್ಣು, ಸೊಪ್ಪು ಪಡೆಯುತ್ತಾ, ಭಕ್ತಿಯಿಂದಲೂ ಭಯದಿಂದಲೂ ಅದನ್ನು ಉಳಿಸಿಕೊಂಡಿದ್ದರು. ಬಳಸುತ್ತಲೇ ಉಳಿಸಬಹುದು ಎಂಬುದಕ್ಕೆ ಕಾನು ಸಾಕ್ಷಿ. ಇಂದು ಒತ್ತುವರಿಯಿಂದ, ಕಡಿತದಿಂದ ಅನೇಕ ಕಾನುಗಳು ಕುಗ್ಗಿವೆ. ಆಸ್ಟ್ರೇಲಿಯಾ ಮೂಲದ ಅಕೇಶಿಯಾ ನೆಡುತೋಪು ದೂರದಿಂದ ಹಸಿರಾಗಿ ಕಂಡರೂ ಅದು ಕಾನಲ್ಲ. ಒಂದೇ ಜಾತಿಯ ಮರಗಳ ಸಾಲು ನೂರಾರು ಜಾತಿಯ ಕಾಡಿಗೆ ಸಮನಾಗದು.

ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ ಎಲ್ಲ ಕಡೆ ಹೆಸರಾಗಿದೆ. ಶ್ರೀಗಂಧದ ಮರ ಒಂಟಿಯಾಗಿ ಚೆನ್ನಾಗಿ ಬೆಳೆಯದು. ಅದರ ಬೇರು ನೆಲದಡಿ ಪಕ್ಕದ ಗಿಡಗಳ ಬೇರಿಗೆ ಅಂಟಿಕೊಂಡು ನೀರು ಮತ್ತು ಲವಣ ಪಡೆಯುತ್ತದೆ. ಎಲೆ ಹಸಿರಾಗಿರುವುದರಿಂದ ಆಹಾರವನ್ನು ಬಿಸಿಲಿನಲ್ಲಿ ತಾನೇ ತಯಾರಿಸುತ್ತದೆ. ಆದ್ದರಿಂದ ಅದು ಅರೆ ಪರಾವಲಂಬಿ. ಅಷ್ಟು ಬೆಲೆಬಾಳುವ ಮರವೂ ನೆರೆಹೊರೆಯವರಿಲ್ಲದೆ ಬಾಳಲಾರದು ಎಂಬುದನ್ನು ನೆನಪಿಡಿ.

ನಿಮಗೊಂದು ಕೆಲಸ

ಪ್ರಿಯ ವಿದ್ಯಾರ್ಥಿಗಳೇ, ಇಂದೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೊಂದು ಗಿಡ, ಕಾಲು ಗಂಟೆ. ತಾರೀಖು ಮತ್ತು ಜಾಗ ಬರೆಯಿರಿ. ಎಲೆ ಎದುರು ಬದುರೋ, ಒಂದು ಬಿಟ್ಟು ಒಂದೋ? ಹೂವಿನ ದಳ ಎಷ್ಟು, ಕೇಸರ ಎಷ್ಟು? ಯಾವ ಮಣ್ಣಿನಲ್ಲಿ ಬೆಳೆದಿದೆ, ನೆರಳಿನಲ್ಲೋ ಬಿಸಿಲಿನಲ್ಲೋ? ಬರದಿದ್ದರೂ ಚಿಂತೆಯಿಲ್ಲ, ಒಂದು ಚಿತ್ರ ಬಿಡಿಸಿ. ಗೊತ್ತಿಲ್ಲದ ಗಿಡವನ್ನು ಬಾಯಿಗೆ ಹಾಕಬೇಡಿ. ಆಮೇಲೆ ಅಜ್ಜಿಯನ್ನೋ, ದನ ಮೇಯಿಸುವ ಹಿರಿಯರನ್ನೋ ಕೇಳಿ ಅದರ ಹೆಸರು ಮತ್ತು ಉಪಯೋಗ ಬರೆದುಕೊಳ್ಳಿ. ಮರೆಯದೆ ಹೇಳಿದವರ ಹೆಸರನ್ನೂ ಬರೆಯಿರಿ. ಕ್ಲೆಗ್‌ಹಾರ್ನ್ ಕಾಲದಲ್ಲಿ ಬಿಟ್ಟುಹೋದದ್ದು ಅದೇ.

ವರ್ಷದ ಕೊನೆಗೆ ನಿಮ್ಮ ಬಳಿ 365 ಗಿಡಗಳಿರುತ್ತವೆ. ಊರಿನ ಕೆರೆ ಯಾಕೆ ಬತ್ತಿತು, ಗುಡ್ಡ ಯಾಕೆ ಬೋಳಾಯಿತು ಎಂಬ ಮಾತು ಬಂದಾಗ ಕಂಡದ್ದನ್ನು ಆಧಾರವಿಟ್ಟು ಹೇಳಬಲ್ಲವರು ಆಗ ನೀವೇ ಆಗಿರುತ್ತೀರಿ. ಶಿವಮೊಗ್ಗದ ವೈದ್ಯರಿಗೆ ಸಿಕ್ಕ ನೆಲ, ಮಳೆ, ಗಿಡಗಳೇ ನಿಮಗೂ ಸಿಕ್ಕಿವೆ. ನಾಳೆ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ತುಂಬೆ ಗಿಡದಿಂದಲೇ ಶುರುಮಾಡಿ.